ಹೊಳೆಗೆ ಹಾರ, ಹೂಳೆತ್ತಿದವರಿಗೆ?

ಗಂಗಾವತಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಪತ್ರ: “ಮೆಸೊಪೊಟೇಮಿಯದ ಲೇಖನದಲ್ಲಿ ಕಾಲುವೆ, ಕೂಲಿ ಅಂತ ಅಷ್ಟೊಂದು ಬರೆದಿದ್ದೀರಿ. ಟೈಗ್ರಿಸ್, ಯೂಫ್ರೆಟಿಸ್ ಎರಡು ಹೊಳೆ, ಮೆಕ್ಕಲು ಮಣ್ಣು. ಚೆಲ್ಲಿದರೆ ಬೆಳೆಯುವ ನೆಲ. ಉಳಿದದ್ದು ತಾನಾಗಿ ಆಯಿತು, ಅಲ್ವಾ?”

ಮೇಷ್ಟ್ರೇ, ಹೊಳೆ ಇಲ್ಲದಿದ್ದರೆ ಅಲ್ಲಿ ಏನೂ ಇರುತ್ತಿರಲಿಲ್ಲ, ಒಪ್ಪಿದೆ. ಮಣ್ಣೂ ಒಳ್ಳೆಯದೇ. ಇನ್ನು ನನ್ನ ಮಾತು ಕೇಳಿ.

ಮೆಸೊಪೊಟೇಮಿಯ ಅಂದರೆ ಹೆಚ್ಚುಕಡಿಮೆ ಇವತ್ತಿನ ಇರಾಕು. ಅದರ ದಕ್ಷಿಣ ಬಯಲಿನಲ್ಲಿ ವರ್ಷಕ್ಕೆ 200 ಮಿ.ಮೀ. ಮಳೆಯೂ ಬೀಳುವುದಿಲ್ಲ. ಹೊಳೆಯನ್ನೇ ನಂಬೋಣ ಅಂದರೆ ಅದು ಬರುವುದು ಹೊತ್ತಲ್ಲದ ಹೊತ್ತಿಗೆ. ಅಲ್ಲಿ ಬಿತ್ತನೆ ನಮ್ಮ ಹಾಗೆ ಮಳೆಗಾಲದಂಚಿನಲ್ಲಲ್ಲ, ಚಳಿಗೆ ಮುಂಚೆ. ಆಗ ಹೊಳೆ ತಳ ಹಿಡಿದಿರುತ್ತದೆ. ಟರ್ಕಿಯ ಬೆಟ್ಟಗಳ ಹಿಮ ಕರಗಿ ನೆರೆ ಬರುತ್ತಿದ್ದದ್ದು ಏಪ್ರಿಲ್-ಮೇನಲ್ಲಿ, ತೆನೆ ಬಲಿತು ಕೊಯ್ಲಿಗೆ ನಿಂತಾಗ! ನೈಲ್ ಹಾಗಲ್ಲ. ಬಿತ್ತನೆಗೆ ಮುಂಚೆಯೇ ಉಕ್ಕಿ, ಮಣ್ಣು ಹಾಸಿ, ಇಳಿದುಹೋಗುತ್ತಿತ್ತು. ಈಜಿಪ್ಟಿನ ಮಾತನ್ನು ಇರಾಕಿಗೂ ಅಂಟಿಸಿದ್ದು ನಮ್ಮ ಪಠ್ಯಪುಸ್ತಕಗಳ ಸೋಮಾರಿತನ.

ಹಾಗಾಗಿ ಒಂದು ಕಾಲಕ್ಕೆ ನೀರು ತಡೆಯಲು ಒಡ್ಡು, ಇನ್ನೊಂದು ಕಾಲಕ್ಕೆ ನೀರು ತರಲು ಕಾಲುವೆ. ನೀವು ಹೊಗಳಿದ ಮೆಕ್ಕಲೇ ಕಾಲುವೆಯ ಬಾಯಿಗೆ ಬಂದು ಕೂರುತ್ತಿತ್ತು. ಎತ್ತಿ ದಡಕ್ಕೆ ಹಾಕಿದ ಹೂಳಿನ ಏರಿಗಳು ಅಲ್ಲಿನ ಮರಳುಗಾಡಿನಲ್ಲಿ ಇವತ್ತಿಗೂ ಉದ್ದಕ್ಕೆ ಕಾಣುತ್ತವೆ. ಅಲ್ಲಿನ ಬ್ಯಾಬಿಲೋನ್ ನಗರದಿಂದ ಆಳಿದ, ಕ್ರಿ.ಪೂ. 18ನೇ ಶತಮಾನದ ಹಮ್ಮುರಬಿಯಂಥ ಚಕ್ರವರ್ತಿ, ಇಂಥ ಕಾಲುವೆಯ ಹೂಳು ಈ ತಿಂಗಳೊಳಗೆ ತೆಗೆಸು ಅಂತ ಅಧಿಕಾರಿಗೆ ಕಾಗದ ಬರೆಸುತ್ತಿದ್ದ. ಅವನ ಕಾನೂನೂ ಖಡಕ್ಕು. ರೈತನೊಬ್ಬ ತನ್ನ ಒಡ್ಡು ನೋಡಿಕೊಳ್ಳದೆ ಅದು ಒಡೆದು ಅಕ್ಕಪಕ್ಕದ ಬೆಳೆ ಕೊಚ್ಚಿಹೋದರೆ, ಹಾಳಾದ ಕಾಳನ್ನು ಅವನೇ ತುಂಬಿಕೊಡಬೇಕು. ಆಗದಿದ್ದರೆ ಆಸ್ತಿ ಸಮೇತ ಅವನನ್ನೇ ಮಾರಿ, ಬಂದ ಹಣವನ್ನು ಬೆಳೆ ಕಳೆದುಕೊಂಡವರು ಹಂಚಿಕೊಳ್ಳಬೇಕು.

ಬ್ಯಾಬಿಲೋನಿನವರ ಒಂದು ಕಥೆ ನನಗೆ ಬಲು ಇಷ್ಟ. ಕೆಳಗಿನ ದೇವರುಗಳು ಕಾಲುವೆ ತೋಡಿ ತೋಡಿ ಬೇಸತ್ತು, ಸಲಿಕೆ ಬುಟ್ಟಿಗೆ ಬೆಂಕಿ ಹಚ್ಚಿ, ರಾತ್ರೋರಾತ್ರಿ ದೊಡ್ಡ ದೇವರ ಬಾಗಿಲಿಗೆ ಮುತ್ತಿಗೆ ಹಾಕುತ್ತಾರೆ. ಆ ಕೆಲಸಕ್ಕೆ ಅಂತಲೇ ಮನುಷ್ಯನನ್ನು ಮಾಡಿದ್ದಂತೆ. ಚೆಲ್ಲಿದರೆ ಬೆಳೆಯುವ ಊರಿನವರು ಇಂಥ ಕಥೆ ಕಟ್ಟುತ್ತಾರಾ, ನೀವೇ ಹೇಳಿ.

ನೀರು ಜಾಸ್ತಿಯಾಗಿ ಬಸಿಯದೆ ನಿಂತ ಕಡೆ ಉಪ್ಪು ಮೇಲೆದ್ದಿತು. ಗೋಧಿಗಿಂತ ಬಾರ್ಲಿ ಉಪ್ಪನ್ನು ತಡೆಯುತ್ತದೆ. ಅಲ್ಲಿ ಬಾರ್ಲಿಯೇ ಮುಖ್ಯ ಬೆಳೆಯಾಗಲು ಇದೂ ಒಂದು ಕಾರಣ. ಸವಳು-ಜವಳು ಅಂದರೇನು ಅಂತ ಗಂಗಾವತಿಯವರಿಗೆ ನಾನು ಹೇಳಿಕೊಡಬೇಕಾ? ಕಾಲುವೆ ತಲೆಯಲ್ಲಿರುವವರ ಹೊಲ ಸವಳು, ತುದಿಯವರಿಗೆ ನೀರೇ ಇಲ್ಲ.

ನಮ್ಮಲ್ಲಿ ಅಣೆಕಟ್ಟು ತುಂಬಿದರೆ ಬಾಗಿನ ಬಿಡಲು ನೂಕುನುಗ್ಗಲು. ಹೂಳು ತುಂಬಿದರೆ ಯಾರೂ ಇಲ್ಲ. ಮೊದಲು ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಈಗ ಹಿಡಿಯುವುದು 105ರ ಆಸುಪಾಸು. ಎಷ್ಟೋ ಮಕ್ಕಳಿಗೆ ಪಾಠ ಹೇಳಿದವರು ನೀವು. ನಿಮ್ಮ ಭಾಗದ ಕಾಲುವೆ, ನೀರು ಬಿಡುವವರು, ಹೂಳೆತ್ತುವ ಕೂಲಿಯವರು, ಇವರ ಬಗ್ಗೆ ನಾಲ್ಕು ಪುಟ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲೇ ಹಾಕುತ್ತೇವೆ.

– ಸಂಪಾದಕ