ಸೇಂಟ್ ಪಾಲ್ ಸಂತೆಯ ಹ್ಮಾಂಗ್ ತರಕಾರಿ: ಫೋಟೋ ತೆಗೀಬಹುದಾ, ತಂದು ಏನು ಮಾಡೋದು?

ಮಿನ್ನೆಸೋಟಕ್ಕೆ ಹೊಸದಾಗಿ ಬಂದಿದ್ದೀರಿ. ಸೇಂಟ್ ಪಾಲ್ ಡೌನ್‌ಟೌನಿನ ವಾರಾಂತ್ಯದ ಸಂತೆಯಲ್ಲಿ ಹ್ಮಾಂಗ್ ರೈತರ ಮೇಜುಗಳ ಮುಂದೆ ಕ್ಯಾಮೆರಾ ಎತ್ತಬಹುದಾ, ತಂದ ತರಕಾರಿ ನಮ್ಮ ಅಡುಗೆಗೆ ಹೊಂದುತ್ತಾ ಅಂತ ಕೇಳಿದ್ದೀರಿ. ಬೇಸಿಗೆ ಪೂರ್ತಿ ನನ್ನ ತರಕಾರಿ ಅಲ್ಲಿಂದಲೇ ಬರುತ್ತದೆ. ಎರಡಕ್ಕೂ ಹೌದು. ಆದರೆ ಮೊದಲು ಕೊಳ್ಳಿ, ಆಮೇಲೆ ಕ್ಯಾಮೆರಾ.

ಅವರು ಗೋದಾಮಿನ ಮಾಲು ತಂದು ಮಾರುವವರಲ್ಲ. ಸುತ್ತಮುತ್ತ ಬೆಳೆದದ್ದನ್ನೇ ಮಾರಬೇಕು ಅನ್ನೋದು ಆ ಸಂತೆಯ ನಿಯಮ. ಲಾವೋಸಿನ ಗುಡ್ಡಗಾಡಿನ ಜನ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಪರ ನಿಂತಿದ್ದಕ್ಕೆ 1975ರ ನಂತರ ಊರು ಬಿಟ್ಟು, ಥಾಯ್ಲೆಂಡಿನ ನಿರಾಶ್ರಿತರ ಶಿಬಿರಗಳನ್ನು ದಾಟಿ ಬಂದವರು, ಅವರ ಮಕ್ಕಳು. ಎಷ್ಟೋ ಜನ ಗುತ್ತಿಗೆ ಜಮೀನಿನಲ್ಲೇ ಬೆಳೆಯುತ್ತಾರೆ. 2011ರಲ್ಲಿ ಶುರುವಾದ ಹ್ಮಾಂಗ್ ಅಮೆರಿಕನ್ ರೈತರ ಸಂಘ ಊರಾಚೆ 155 ಎಕರೆಯನ್ನು ಇಂಥ ಕುಟುಂಬಗಳಿಗೆ ಗುತ್ತಿಗೆಗೆ ಕೊಡುತ್ತದೆ. ಹಾಗಾಗಿ ಮೇಜಿನ ಹಿಂದಿನ ಅಜ್ಜಿಯ ಮುಖವನ್ನು ಕೇಳದೆ ತೆಗೀಬೇಡಿ. ಪಕ್ಕದಲ್ಲಿ ಮೊಮ್ಮಗಳೋ ಮಗನೋ ಇರುತ್ತಾರೆ, ಅವರ ಹತ್ತಿರ ಇಂಗ್ಲಿಷಿನಲ್ಲಿ ಕೇಳಿ. ಬೇಡ ಅಂದರೆ ತರಕಾರಿ ಇದೆಯಲ್ಲ!

ಬೆಳಗ್ಗೆ ಬೇಗ ಹೋಗಿ. ಬಿಸಿಲೇರಿದರೆ ಸೊಪ್ಪು ಬಾಡುತ್ತದೆ, ನೆರಳು ಕಪ್ಪಾಗುತ್ತದೆ. ಕೆಂಪು, ನೀಲಿ ಬಟ್ಟೆಯ ಟೆಂಟಿನ ಕೆಳಗೆ ಹಾಗಲಕಾಯಿಯ ಬಣ್ಣವೇ ಕೆಟ್ಟು ಬರುತ್ತದೆ, ಬಿಳಿ ಟೆಂಟ್ ಹುಡುಕಿ. ಫೋನಿನಲ್ಲಾದರೆ ಚಿತ್ರದ ಬೆಳಕು (ಎಕ್ಸ್‌ಪೋಷರ್) ಸ್ವಲ್ಪ ಇಳಿಸಿ, ಆಗ ಸೂಜಿಮೆಣಸಿನ ಕೆಂಪು ಉಳಿಯುತ್ತದೆ. ನನಗಂತೂ ಹತ್ತಿರದಿಂದ ತೆಗೆದದ್ದೇ ಇಷ್ಟ: ಮಾರುದ್ದದ ಅಲಸಂದೆಯನ್ನು ಜಡೆ ಮಡಚಿದ ಹಾಗೆ ಮಡಚಿ ಹಾಕಿದ ರಬ್ಬರ್ ಬ್ಯಾಂಡ್, ಬೇರಿಗೆ ಅಂಟಿದ ಕರಿ ಮಣ್ಣು, ರಟ್ಟಿನ ಮೇಲೆ ಮಾರ್ಕರಿನಲ್ಲಿ ಬರೆದ ರೇಟು.

ಇನ್ನು ಅಡುಗೆ. ಆ ಅಲಸಂದೆ ನಮ್ಮ ಪಲ್ಯಕ್ಕೆ ಹೇಳಿ ಮಾಡಿಸಿದ್ದು. ಕುಂಬಳದ ಕುಡಿ ಕಂಡರೆ ಬಿಡಬೇಡಿ. ದಂಟಿನ ತುದಿ ಮುರಿದು ಕೆಳಕ್ಕೆ ಎಳೆದರೆ ಮುಳ್ಳಿನಂಥ ಸುಂಕು ನಾರಿನ ಜೊತೆಗೇ ಬರುತ್ತದೆ. ಗಟ್ಟಿ ಬಳ್ಳಿ ಬಿಸಾಕಿ, ಉಳಿದದ್ದನ್ನು ತೊಗರಿಬೇಳೆ ಜೊತೆ ಬೇಯಿಸಿ ಬಸಿದರೆ ಬಸ್ಸಾರೂ ಆಯಿತು, ಪಲ್ಯವೂ ಆಯಿತು. ಹ್ಮಾಂಗ್ ಮನೆಗಳಲ್ಲಿ ಇದೇ ಕುಡಿಯನ್ನು ಬರೀ ನೀರಿನಲ್ಲಿ ಬೇಯಿಸಿ, ಪಕ್ಕದಲ್ಲಿ ಖಾರದ ಚಟ್ನಿ ಇಟ್ಟುಕೊಂಡು ಅನ್ನದ ಜೊತೆ ತಿನ್ನುತ್ತಾರೆ. ಒಗ್ಗರಣೆ ಇಲ್ಲದೆ ಏನು ರುಚಿ ಅನ್ನಬೇಡಿ, ಎಳೆಯ ಕುಡಿಗೆ ಅದೇ ಚೆಂದ. ಗೋಲಿಯಂಥ ಹಸಿರು ಬದನೆ ಎಣ್ಣೆಗಾಯಿಗೆ ಒಳ್ಳೆಯದು. ಹೆಚ್ಚಿದ ಕೂಡಲೇ ಉಪ್ಪುನೀರಿಗೆ ಹಾಕಿ, ಇಲ್ಲದಿದ್ದರೆ ಕಪ್ಪಾಗುತ್ತದೆ. ಹೆಚ್ಚುಕಮ್ಮಿ ಅದೇ ಥರ ಕಾಣುವ ಕಹಿ ಬದನೆಯೂ ಇದೆ, ಕೇಳಿಯೇ ತಗೊಳ್ಳಿ.

ಮಜ್ಜಿಗೆ ಹುಲ್ಲಿನ (ಲೆಮನ್‌ಗ್ರಾಸ್) ಜೊತೆ ಗುರುತೇ ಸಿಗದ ಎಲೆಗಳ ಸಣ್ಣ ಕಟ್ಟು ಕಂಡರೆ ಅದು ಪಲ್ಯದ ಸೊಪ್ಪಲ್ಲ, ಕೋಳಿ ಬೇಯಿಸುವಾಗ ಹಾಕುವ ಮದ್ದಿನ ಸೊಪ್ಪು. ಅವರಲ್ಲಿ ಬಾಣಂತಿಗೆ ಒಂದು ತಿಂಗಳು ಬಿಸಿ ಅನ್ನ, ಆ ಕೋಳಿ, ಅದರ ನೀರು, ಅಷ್ಟೇ. ನಮ್ಮ ಬಾಣಂತಿ ಪಥ್ಯ ನೋಡಿದವರಿಗೆ ಇದೇನು ಹೊಸದಲ್ಲ, ಅಲ್ವಾ? ನೀವು ಕೋಳಿ ತಿನ್ನುವವರಾದರೆ ಒಂದು ಕಟ್ಟು ತನ್ನಿ, ಮಸಾಲೆ ಮಾತ್ರ ಹಾಕಬೇಡಿ.

ಹಾಗಲ, ಮೆಣಸು, ಬದನೆ ಜಾಸ್ತಿ ಬರೋದು ಆಗಸ್ಟ್ ಹೊತ್ತಿಗೆ. ಜೂನ್‌ನಲ್ಲಿ ಹೋದರೆ ಬಹುಪಾಲು ಸೊಪ್ಪೇ. ಚಿಲ್ಲರೆ ನೋಟು ಇಟ್ಟುಕೊಂಡು ಹೋಗಿ.