18 ಸಾವಿರ ವಾಲ್ವ್‌ಗಳ ಯಂತ್ರ ನಡೆದದ್ದು ಹೇಗೆ?

ಹಳೆಯ ಕಂಪ್ಯೂಟರ್‌ಗಳ ಬಗ್ಗೆ ನನಗೆ ಬರುವ ಪತ್ರಗಳಲ್ಲಿ ಐದಾರು ಪ್ರಶ್ನೆಗಳು ಬಿಟ್ಟೂಬಿಡದೆ ಬರುತ್ತವೆ. ಈ ಸಲ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲನೆಯದಕ್ಕೆ ಜಾಸ್ತಿ ಜಾಗ ಕೊಡುತ್ತೇನೆ. ಅದರಲ್ಲಿರುವ ತಪ್ಪನ್ನು ಮೇಷ್ಟ್ರುಗಳೇ ಪಾಠ ಮಾಡುತ್ತಿದ್ದಾರೆ, ಅದು ನನಗೆ ಸಹಿಸಲಾಗದ ಸಂಗತಿ.

ಪ್ರಶ್ನೆ: ಎನಿಯಾಕ್‌ನಲ್ಲಿ 18 ಸಾವಿರ ವಾಲ್ವ್ ಇದ್ದವು, ಕೆಲವೇ ನಿಮಿಷಕ್ಕೊಂದು ಸುಟ್ಟುಹೋಗುತ್ತಿತ್ತು, ಅದನ್ನು ಆನ್ ಮಾಡಿದರೆ ಇಡೀ ಫಿಲಡೆಲ್ಫಿಯಾದ ದೀಪಗಳು ಮಂಕಾಗುತ್ತಿದ್ದವು ಎಂದು ಕಾಲೇಜಿನಲ್ಲಿ ಹೇಳಿದರು. ಹಾಗಾದರೆ ಅದು ಕೆಲಸ ಮಾಡಿದ್ದಾದರೂ ಯಾವಾಗ? (ಬಿ.ಇ. ವಿದ್ಯಾರ್ಥಿನಿ, ದಾವಣಗೆರೆ)

ಎನಿಯಾಕ್ ಅಂದರೆ 1940ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕಟ್ಟಿದ ದೈತ್ಯ ಎಲೆಕ್ಟ್ರಾನಿಕ್ ಕಂಪ್ಯೂಟರ್. ವಾಲ್ವ್ ಅಂದರೆ ಬಲ್ಬಿನಂಥ ಗಾಜಿನ ಕೊಳವೆ, ಈಗ ಟ್ರಾನ್ಸಿಸ್ಟರ್ ಮಾಡುವ ಕೆಲಸವನ್ನು ಆಗ ಅದು ಮಾಡುತ್ತಿತ್ತು. ದೀಪದ ಕಥೆಯನ್ನು ಮೊದಲು ಮುಗಿಸೋಣ. ಎನಿಯಾಕ್‌ಗೆ ಬೇಕಾಗಿದ್ದ ವಿದ್ಯುತ್ ಸುಮಾರು 150 ಕಿಲೋವಾಟ್. ಎರಡು ಕಿಲೋವಾಟಿನ 75 ಗೀಸರ್‌ಗಳನ್ನು ಒಟ್ಟಿಗೆ ಹಾಕಿದಷ್ಟು. ಅಷ್ಟಕ್ಕೆ ಅಂಥ ದೊಡ್ಡ ಕೈಗಾರಿಕಾ ನಗರ ಮಂಕಾಗುತ್ತದೆಯೇ? ಕಥೆ ಕಟ್ಟಿದವರು ಲೆಕ್ಕ ಹಾಕಲಿಲ್ಲ, ಹೇಳಿಕೊಟ್ಟವರೂ ಹಾಕಲಿಲ್ಲ.

ವಾಲ್ವಿನ ಮಾತು ಬೇರೆ. ಅದು ಸುಮ್ನೆ ಹುಟ್ಟಿದ ಭಯವಲ್ಲ. ಒಂದು ವಾಲ್ವ್ ಸರಾಸರಿ 2,500 ಗಂಟೆ ಬಾಳುತ್ತದೆ ಎಂದುಕೊಳ್ಳಿ. 17,468 ವಾಲ್ವ್ ಇದ್ದರೆ ಎಂಟೂವರೆ ನಿಮಿಷಕ್ಕೆ ಒಂದರಂತೆ ಹೋಗಬೇಕು. ಆ ಕಾಲದಲ್ಲಿ ಎಷ್ಟೋ ಎಂಜಿನಿಯರುಗಳು ಹೀಗೇ ಯೋಚಿಸಿ, ಇದು ಆಗದ ಕೆಲಸ ಎಂದಿದ್ದರು. ಭಾಗಾಕಾರ ಸರಿಯಾಗಿಯೇ ಇದೆ. ತಪ್ಪಿರುವುದು ಆ 2,500ರಲ್ಲಿ. ಅದು ನಡುಮನೆಯ ರೇಡಿಯೊದಲ್ಲಿ ದಿನಕ್ಕೆ ಮೂರು ಸಲ ಹಾಕಿ, ಮೂರು ಸಲ ಆರಿಸಿ, ಪೂರ್ತಿ ವೋಲ್ಟೇಜಿನಲ್ಲಿ ದುಡಿಸಿದ ವಾಲ್ವಿನ ಆಯಸ್ಸು.

ಮನೆಯ ಹಳೇ ಬಲ್ಬನ್ನು ನೆನಪಿಸಿಕೊಳ್ಳಿ. ಉರಿಯುತ್ತಿದ್ದಾಗ ಹೋಗಿದ್ದು ಅಪರೂಪ. ಸ್ವಿಚ್ ಹಾಕಿದ ಕ್ಷಣಕ್ಕೇ ಟಪ್ಪಂತ ಹೋಗುತ್ತಿತ್ತು, ಅಲ್ವಾ? ತಣ್ಣಗಿರುವ ತಂತಿಗೆ ಪ್ರತಿರೋಧ ಕಡಿಮೆ. ಅದಕ್ಕೇ ಮೊದಲ ಕ್ಷಣದಲ್ಲಿ ಕರೆಂಟ್ ನುಗ್ಗಿಬಿಡುತ್ತದೆ. ವಾಲ್ವಿನೊಳಗಿನ ತಂತಿಯೂ ಹಾಗೆಯೇ. ಕಾದಾಗ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಪ್ರತಿ ಸಲವೂ ಒಂದಿಷ್ಟು ಸವೆಯುತ್ತದೆ.

ಇದನ್ನು ಚೆನ್ನಾಗಿ ಅರಿತಿದ್ದವರು ಲಂಡನ್ನಿನ ಅಂಚೆ ಇಲಾಖೆಯ ಎಂಜಿನಿಯರ್ ಟಾಮಿ ಫ್ಲವರ್ಸ್. ಎರಡನೇ ಮಹಾಯುದ್ಧಕ್ಕೂ ಮೊದಲೇ ಅವರು ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ವಾಲ್ವ್ ಬಳಸಿ ನೋಡಿದ್ದರು. ಒಮ್ಮೆ ಹೊತ್ತಿಸಿದ್ದನ್ನು ಆರಿಸದೇ ಇದ್ದರೆ ಅವು ವರ್ಷಗಟ್ಟಲೆ ಬಾಳುವುದನ್ನು ಕಣ್ಣಾರೆ ಕಂಡಿದ್ದರು. ಜರ್ಮನರ ಗುಪ್ತ ಸಂದೇಶ ಬಿಡಿಸಲು ಸುಮಾರು 1,600 ವಾಲ್ವ್‌ಗಳ ಕೊಲೊಸಸ್ ಕಟ್ಟುತ್ತೇನೆ ಎಂದಾಗ ಬ್ರಿಟಿಷರ ಗುಪ್ತಲಿಪಿ ಬಿಡಿಸುವ ಕೇಂದ್ರವಾದ ಬ್ಲೆಚ್ಲೀ ಪಾರ್ಕಿನಲ್ಲಿ ಅವರನ್ನು ನಂಬಿದವರು ಕಡಿಮೆ. ಅವರು ಕಟ್ಟಿಯೇಬಿಟ್ಟರು. 1944ರ ಆರಂಭದಲ್ಲಿ ಯಂತ್ರ ಅಲ್ಲಿಗೆ ಬಂತು. ಸೆಕೆಂಡಿಗೆ 5,000 ಅಕ್ಷರ ಓದುತ್ತಿತ್ತು. ಅದನ್ನು ಆರಿಸುತ್ತಲೇ ಇರಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಅಂಥ ಹತ್ತು ಯಂತ್ರಗಳಿದ್ದವು. ಆಮೇಲೆ ಎಲ್ಲವೂ ಗುಟ್ಟು. 1970ರ ದಶಕದವರೆಗೆ ಫ್ಲವರ್ಸ್ ಬಾಯಿ ಬಿಡುವಂತಿರಲಿಲ್ಲ. ಅವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಕಾಣದಿರುವುದಕ್ಕೆ ನನಗೆ ಇಂದಿಗೂ ಬೇಸರವಿದೆ.

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗವಾದ ಮೂರ್ ಸ್ಕೂಲಿನಲ್ಲಿದ್ದವರಿಗೆ ಇದು ಯಾವುದೂ ಗೊತ್ತಿರಲಿಲ್ಲ. ಅಲ್ಲಿ ಜಾನ್ ಮಾಕ್ಲಿ ಜೊತೆ ಎನಿಯಾಕ್ ಕಟ್ಟಿದ ಪ್ರೆಸ್ಪರ್ ಎಕರ್ಟ್‌ಗೆ 1943ರಲ್ಲಿ ಕೆಲಸ ಶುರುವಾದಾಗ 24 ವರ್ಷ. ಎಕರ್ಟ್ ಮಾಡಿದ್ದು ಸದ್ದಿಲ್ಲದ ಕೆಲಸ. ವಾಲ್ವ್‌ಗಳಿಗೆ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ವೋಲ್ಟೇಜ್ ಕೊಟ್ಟರು. ಬಿಡಿಭಾಗಗಳ ಅಳತೆ ಸ್ವಲ್ಪ ಹೆಚ್ಚುಕಡಿಮೆ ಆದರೂ ನಡೆಯುವಂಥ ಸರ್ಕ್ಯೂಟುಗಳನ್ನೇ ಆರಿಸಿಕೊಂಡರು. ಕೆಟ್ಟ ಭಾಗವನ್ನು ಸರ್ರನೆ ಎಳೆದು ಬೇರೆಯದು ಹಾಕುವಂತೆ ಮಾಡಿದರು. ಇಲಿಗಳು ವೈರ್ ಕಡಿಯುತ್ತವೆ ಎಂದು ಗೊತ್ತಿತ್ತು. ಹಾಗಾಗಿ ಬಗೆಬಗೆಯ ವೈರುಗಳ ತುಂಡುಗಳನ್ನು ಇಲಿಗಳಿದ್ದ ಬೋನಿಗೆ ಹಾಕಿ, ಅವು ಮುಟ್ಟದ್ದನ್ನೇ ಯಂತ್ರಕ್ಕೆ ಬಳಸಿದರು! ಎಂಜಿನಿಯರಿಂಗ್ ಅಂದರೆ ನನಗೆ ಇದೇ.

ಫಲ ಏನಾಯಿತು? ಮೊದಮೊದಲು ದಿನಕ್ಕೆ ಹಲವು ವಾಲ್ವ್ ಹೋಗುತ್ತಿದ್ದುದು ನಿಜ. ಆದರೆ ಹೆಚ್ಚಿನವು ಹೋಗುತ್ತಿದ್ದುದು ಯಂತ್ರ ಕಾಯುವಾಗ ಮತ್ತು ಆರುವಾಗ. ಆರಿಸುವುದನ್ನು ನಿಲ್ಲಿಸಿದರು, ಆಮೇಲೆ ಒಳ್ಳೆಯ ವಾಲ್ವ್‌ಗಳೂ ಬಂದವು. ಕೊನೆಗೆ ಎರಡು ದಿನಕ್ಕೊಂದು ಕೆಡುವ ಮಟ್ಟಕ್ಕೆ ಬಂತು. ಕೆಟ್ಟದ್ದನ್ನು ಕಾಲು ಗಂಟೆಯಲ್ಲಿ ಹುಡುಕಿಬಿಡುತ್ತಿದ್ದರು. 1954ರಲ್ಲಂತೂ ಒಮ್ಮೆ 116 ಗಂಟೆ ಒಂದೂ ದೋಷವಿಲ್ಲದೆ ಓಡಿತು. ಅಂದರೆ ಹೆಚ್ಚುಕಡಿಮೆ ಐದು ದಿನ. 1947ರ ಜುಲೈನಲ್ಲಿ ಅಬರ್ಡೀನ್‌ನ ಸೇನಾ ಕೇಂದ್ರದಲ್ಲಿ ಮತ್ತೆ ಹೊತ್ತಿಸಿದ ಆ ಯಂತ್ರ 1955ರ ಅಕ್ಟೋಬರ್ 2ರವರೆಗೆ ಸೇವೆಯಲ್ಲಿತ್ತು. ಯಾವಾಗ ಕೆಲಸ ಮಾಡಿತು ಎಂದು ಕೇಳಿದಿರಲ್ಲ, ಎಂಟು ವರ್ಷ ಮಾಡಿತು.

ನಮ್ಮ ದೇಶದ್ದನ್ನೂ ಹೇಳಬೇಕು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ತಂಡ ಕಟ್ಟಿದ ಟಿಫ್ರಾಕ್‌ನಲ್ಲಿ ಸುಮಾರು 2,700 ವಾಲ್ವ್ ಇದ್ದವು. 1960ರಲ್ಲಿ ಅದು ಕೆಲಸ ಶುರುಮಾಡಿತು. ಹಾಗಾಗಿ ವಾಲ್ವ್ ಕಂಪ್ಯೂಟರ್ ಎಂದರೆ ಓಡದ ಯಂತ್ರ ಎಂದು ಪಾಠ ಮಾಡುವವರು, ದಯವಿಟ್ಟು ನಿಲ್ಲಿಸಿ.

ಪ್ರಶ್ನೆ: ಜಗತ್ತಿನ ಮೊದಲ ಕಂಪ್ಯೂಟರ್ ಯಾವುದು? ಒಂದೇ ಪದದಲ್ಲಿ ಹೇಳಿ, ಪರೀಕ್ಷೆಗೆ ಬೇಕು. (ವಿಜಯಪುರ)

ಒಂದೇ ಪದದಲ್ಲಿ ಹೇಳುವುದಿಲ್ಲ. ರಿಲೇಗಳ (ವಿದ್ಯುತ್ತಿನಿಂದ ನಡೆಯುವ ಸ್ವಿಚ್‌ಗಳ) ಯಂತ್ರ ಬೇಕೆಂದರೆ 1941ರ ಬರ್ಲಿನ್ನಿನ ಜೆಡ್3, ಪ್ರೋಗ್ರಾಮನ್ನು ಮೆಮೊರಿಯಲ್ಲೇ ಇಟ್ಟು ಓಡಿಸಿದ್ದು ಬೇಕೆಂದರೆ 1948ರ ಜೂನ್ 21ರ ಮ್ಯಾಂಚೆಸ್ಟರ್ ಬೇಬಿ. ನಡುವೆ ಎನಿಯಾಕ್‌ಗೂ ಮೊದಲೇ ವಾಲ್ವಿನ ಲೆಕ್ಕಯಂತ್ರ ಕಟ್ಟಿದ ಅಮೆರಿಕದ ಅಯೋವಾದ ಅಟಾನಸಾಫ್ ಇದ್ದಾರೆ, ಅವರ ಕೆಲಸವನ್ನು ಮುಂದಿಟ್ಟು 1973ರಲ್ಲಿ ಎನಿಯಾಕ್ ಪೇಟೆಂಟನ್ನೇ ರದ್ದು ಮಾಡಿದ ಕೋರ್ಟಿದೆ.

ಪ್ರಶ್ನೆ: ಎನಿಗ್ಮಾ ಒಡೆಯಲು ಕೊಲೊಸಸ್ ಕಟ್ಟಿದ್ದು ಟ್ಯೂರಿಂಗ್ ಅಲ್ಲವೇ? (ಮಂಗಳೂರು)

ಅಲ್ಲ. ಕಟ್ಟಿದ್ದು ಫ್ಲವರ್ಸ್ ತಂಡ, ಅದು ದುಡಿದದ್ದು ಜರ್ಮನರ ಎನಿಗ್ಮಾ ಗುಪ್ತಲಿಪಿಯ ಮೇಲಲ್ಲ, ಅವರದೇ ಲೊರೆಂಜ್ ಎಂಬ ಬೇರೆ ಗುಪ್ತಲಿಪಿಯ ಮೇಲೆ.

ಪ್ರಶ್ನೆ: ಕಂಪ್ಯೂಟರಿಗೆ ಸಂಸ್ಕೃತವೇ ಶ್ರೇಷ್ಠ ಭಾಷೆ ಎಂದು ನಾಸಾ ಒಪ್ಪಿದೆಯಂತೆ, ನಿಜವೇ? (ಮೈಸೂರು)

ಇಲ್ಲ. 1985ರಲ್ಲಿ ರಿಕ್ ಬ್ರಿಗ್ಸ್ ಎಂಬ ಸಂಶೋಧಕ ಬರೆದ ಒಂದು ಲೇಖನವನ್ನು ಹಿಗ್ಗಿಸಿ ಹಿಗ್ಗಿಸಿ ಮಾಡಿದ ಸುದ್ದಿ ಇದು. ಪಾಣಿನಿಯ ವ್ಯಾಕರಣ ದೊಡ್ಡದು, ಅದಕ್ಕೆ ನಾಸಾದ ಸರ್ಟಿಫಿಕೇಟ್ ಬೇಕಿಲ್ಲ. ಇದನ್ನು ಇನ್ನು ಮುಂದೆ ನನಗೆ ಫಾರ್ವರ್ಡ್ ಮಾಡಬೇಡಿ.

ಪ್ರಶ್ನೆ: ಹಳೇ ರೇಡಿಯೊ ವಾಲ್ವಿನಲ್ಲಿ ರೆಡ್ ಮರ್ಕ್ಯುರಿ (ಕೆಂಪು ಪಾದರಸ) ಇರುತ್ತದಂತೆ, ಲಕ್ಷಗಟ್ಟಲೆ ಬೆಲೆಯಂತೆ. ಒಬ್ಬರು ಮುಂಗಡ ಕೇಳುತ್ತಿದ್ದಾರೆ. (ಕೋಲಾರ)

ಒಂದು ರೂಪಾಯಿಯನ್ನೂ ಕೊಡಬೇಡಿ. ಅದು ಶುದ್ಧ ಮೋಸ, ಪೊಲೀಸರಿಗೆ ಹೇಳಿ. ವಾಲ್ವಿನ ಗಾಜಿಗೆ ಒಳಗಿನಿಂದ ಬೆಳ್ಳಿಯಂತೆ ಅಂಟಿರುತ್ತದಲ್ಲ, ಅದು ಬೇರಿಯಂ ಲೇಪ. ಒಳಗೆ ಉಳಿದ ಚೂರುಪಾರು ಗಾಳಿಯನ್ನು ಹೀರಿಕೊಳ್ಳಲು ಅದನ್ನು ಹಾಕಿರುತ್ತಾರೆ. ಬೆಳ್ಳಿ ಬಣ್ಣ ಹೋಗಿ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ವಾಲ್ವ್ ಸತ್ತಿದೆ ಎಂದರ್ಥ. ಪಾದರಸವನ್ನು ನಿಜವಾಗಿ ಬಳಸಿದ್ದು 1949ರ ಕೇಂಬ್ರಿಡ್ಜಿನ ಎಡ್ಸ್ಯಾಕ್ ಎಂಬ ಕಂಪ್ಯೂಟರ್. ಉದ್ದದ ಕೊಳವೆಗಳಲ್ಲಿ ಅದನ್ನು ತುಂಬಿ, ಶಬ್ದದ ಅಲೆಗಳ ರೂಪದಲ್ಲಿ ಅಂಕಿಗಳನ್ನು ಹಿಡಿದಿಡುತ್ತಿದ್ದರು. ಅದೂ ಕೆಂಪಲ್ಲ, ಮಾಮೂಲಿ ಪಾದರಸವೇ.

ಪ್ರಶ್ನೆ: ತಾತನ ರೇಡಿಯೊದ ವಾಲ್ವ್ ಬಿಚ್ಚಿ ಮಗನ ಪ್ರಾಜೆಕ್ಟಿಗೆ ಸಣ್ಣ ಎನಿಯಾಕ್ ಮಾಡಬಹುದೇ? (ಶಿರಸಿ)

ಬೇಡ. ಎನಿಯಾಕ್‌ನಲ್ಲಿ ಒಂದೇ ಒಂದು ಅಂಕಿಯನ್ನು ನೆನಪಿಡಲು 36 ವಾಲ್ವ್ ಬೇಕಿತ್ತು. ನಿಮ್ಮ ರೇಡಿಯೊದಲ್ಲಿರುವುದು ಐದೋ ಆರೋ. ಅದಕ್ಕಿಂತ ಮುಖ್ಯವಾಗಿ, ಒಳಗೆ ಇನ್ನೂರು ಮುನ್ನೂರು ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರ್ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಓದುವ ಕಾಲದಲ್ಲಿ ನನಗೆ ಹಾಗೆ ಹೊಡೆದಾಗ ಸಂಜೆವರೆಗೂ ಕೈ ಜೋಮು ಹಿಡಿದಿತ್ತು. ಅಂದಿನಿಂದ ಯಾವ ವಿದ್ಯಾರ್ಥಿಯನ್ನೂ ಒಂಟಿಯಾಗಿ ವಾಲ್ವ್ ಪೆಟ್ಟಿಗೆ ತೆರೆಯಲು ಬಿಟ್ಟಿಲ್ಲ. ಮಗನಿಗೆ ಎರಡು ಟ್ರಾನ್ಸಿಸ್ಟರ್, ಎರಡು ಎಲ್‌ಇಡಿ, ಒಂದು 9 ವೋಲ್ಟ್ ಬ್ಯಾಟರಿ ಕೊಡಿಸಿ, ಒಂದು ಹೌದು-ಅಲ್ಲವನ್ನು ನೆನಪಿಡುವ ಫ್ಲಿಪ್-ಫ್ಲಾಪ್ ಎಂಬ ಸರ್ಕ್ಯೂಟ್ ಕಟ್ಟಲಿ. ರೇಡಿಯೊವನ್ನು ನೇರವಾಗಿ ಪ್ಲಗ್‌ಗೆ ಹಾಕಬೇಡಿ. ವಾಲ್ವ್ ಸೆಟ್ ಗೊತ್ತಿರುವ ಹಳೇ ಮೆಕ್ಯಾನಿಕ್ ಹತ್ತಿರ ಕೊಂಡೊಯ್ದು, ಮೊದಲು ಕಂಡೆನ್ಸರ್‌ಗಳನ್ನು ಬದಲಾಯಿಸಿಕೊಳ್ಳಿ.