ಬಸ್ಸಿನಲ್ಲಿ ಪ್ಯಾನಿಕ್ ಅಟ್ಯಾಕ್ ಬಂದಾಗ ನೀವು ಏನು ಮಾಡುತ್ತೀರಿ?

ಇಸಿಜಿ ನಾರ್ಮಲ್ ಇದ್ದರೂ ಬಸ್ಸಿನಲ್ಲಿ ಎದೆ ಡವಗುಟ್ಟುತ್ತದೆ, ಕೈ ಜೋಮು ಹಿಡಿಯುತ್ತದೆ, ಸತ್ತೇ ಹೋಗುತ್ತೇನೆ ಅನಿಸುತ್ತದೆ ಎಂದು ಬರೆದಿದ್ದೀರಿ. ನನಗೂ ಹಲವು ವರ್ಷ ಇದೇ ಕಾಟ, ಮೆಟ್ರೋದಲ್ಲಿ ಜಾಸ್ತಿ. ಈಗಲೂ ಅಪರೂಪಕ್ಕೆ ಬರುತ್ತದೆ. ಇಸಿಜಿ ಮಾಡಿಸಿದ್ದು ಒಳ್ಳೆಯದಾಯಿತು. ಥೈರಾಯ್ಡ್, ಹಿಮೋಗ್ಲೋಬಿನ್ ಕೂಡ ಒಮ್ಮೆ ನೋಡಿಸಿಬಿಡಿ. ಅವು ಏರುಪೇರಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ.

ಒಳಗೆ ಏನು ನಡೆಯುತ್ತದೆ ಎಂದು ಡಾಕ್ಟರ್ ಬಿಡಿಸಿ ಹೇಳಿದ ಮೇಲೆ ನನಗೆ ಅರ್ಧ ಧೈರ್ಯ ಬಂತು. ಅಪಾಯ ಇಲ್ಲದಿದ್ದರೂ ಮೈಯಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನ್ ಏರುತ್ತದೆ. ಎದೆ ಓಡುತ್ತದೆ, ಉಸಿರಾಟ ಜೋರಾಗುತ್ತದೆ. ಹಾಗೆ ಅತಿಯಾಗಿ ಉಸಿರಾಡಿದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ಜೋಮು, ತಲೆಸುತ್ತು ಬರುವುದು ಅದರಿಂದ, ಆಮ್ಲಜನಕ ಸಾಲದೆ ಅಲ್ಲ. ಪಕ್ಕದವರು ‘ಜೋರಾಗಿ ಉಸಿರು ಎಳೆದುಕೊಳ್ಳಿ’ ಅಂದರೆ ಕೇಳಬೇಡಿ. ನಾನು ಮೂಗಿನಿಂದ ಮೆತ್ತಗೆ 4 ಎಣಿಸುವಷ್ಟು ಹೊತ್ತು ಎಳೆದುಕೊಂಡು, 6 ಎಣಿಸುವಷ್ಟು ಹೊತ್ತು ಬಿಡುತ್ತೇನೆ. ಸಾಮಾನ್ಯವಾಗಿ 10 ನಿಮಿಷದೊಳಗೆ ಗಾಬರಿ ಏರುವಷ್ಟು ಏರಿ ಇಳಿಯತೊಡಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು, ಮಧ್ಯದಲ್ಲಿ ಇಳಿಯದಿರುವುದು. ಮುಂದಿನ ಸ್ಟಾಪಿನಲ್ಲಿ ಇಳಿದರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ, ನಿಜ. ಆದರೆ ‘ಇಳಿದಿದ್ದಕ್ಕೇ ಉಳಿದೆ’ ಎಂದು ಮನಸ್ಸು ನಂಬಿಬಿಡುತ್ತದೆ. ಮರುದಿನ ಬಸ್ ಹತ್ತುವುದೇ ಭಯ. ಆಮೇಲೆ ಲಿಫ್ಟ್, ಥಿಯೇಟರ್, ಮದುವೆ ಮನೆ, ಒಂದೊಂದಾಗಿ ಎಲ್ಲ ಬಿಟ್ಟುಹೋಗುತ್ತವೆ. ಸಿಬಿಟಿ (ಯೋಚನೆ, ನಡವಳಿಕೆ ಬದಲಿಸುವ ಚಿಕಿತ್ಸೆ) ಮಾಡಿಸಿದ ಥೆರಪಿಸ್ಟ್ ನನ್ನನ್ನು ನಿಂತಲ್ಲೇ ಓಡಿಸಿದರು, ಕುರ್ಚಿಯಲ್ಲಿ ಗಿರಗಿರ ತಿರುಗಿಸಿದರು. ಬೇಕಂತಲೇ ಎದೆಬಡಿತ, ತಲೆಸುತ್ತು ತರಿಸಿಕೊಂಡು ಸುಮ್ನೆ ಕೂರಬೇಕು. ವಿಚಿತ್ರ ಅನಿಸಬಹುದು, ಆದರೆ ಎದೆ ಜೋರಾಗಿ ಬಡಿದರೂ ಏನೂ ಆಗಲ್ಲ ಎಂದು ಮೈಗೆ ಗೊತ್ತಾದದ್ದು ಅಲ್ಲೇ. ಆಸ್ತಮಾ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಇದನ್ನು ಡಾಕ್ಟರನ್ನು ಕೇಳಿಯೇ ಮಾಡಬೇಕು. ಆಮೇಲೆ ಮೆಟ್ರೋದಲ್ಲಿ ಒಂದು ಸ್ಟೇಷನ್, ಮುಂದೆ ಎರಡು, ಕೊನೆಗೆ ಸಂಜೆ ಹೊತ್ತಿನ ಮೆಜೆಸ್ಟಿಕ್ ನೂಕುನುಗ್ಗಲು. ಗಾಬರಿ ಬಂದಾಗ ‘ಬಾ, ಬಂದು ಹೋಗು’ ಅಂದುಕೊಂಡು ನಿಂತಿರುತ್ತೇನೆ. ಅದನ್ನು ತಡೆಯಲು ಒದ್ದಾಡಿದಷ್ಟೂ ಜಾಸ್ತಿಯಾಗುತ್ತದೆ.

ಕಾಫಿ ಬೆಳಿಗ್ಗೆ ಒಂದೇ ಲೋಟ. ನಿದ್ದೆ ಕೆಟ್ಟ ವಾರ ನನಗೆ ಕಾಟ ಹೆಚ್ಚು.

ಮಾತ್ರೆ ಬೇಕಾದರೆ ಹಿಂಜರಿಯಬೇಡಿ. ಎಸ್‌ಎಸ್‌ಆರ್‌ಐ (ಆತಂಕ, ಖಿನ್ನತೆಗೆ ಕೊಡುವ) ಮಾತ್ರೆಗಳು ಕೆಲಸ ಮಾಡಲು ಕೆಲವು ವಾರ ಬೇಕು, ಹಠಾತ್ತನೆ ನಿಲ್ಲಿಸಬಾರದು. ತಕ್ಷಣ ಆರಾಮ ಕೊಡುವ ಆಲ್ಪ್ರಜೋಲಮ್ ಥರದವು ಅಭ್ಯಾಸವಾಗಿಬಿಡುತ್ತವೆ. ಪರಿಚಿತರು ಕೊಟ್ಟರು ಎಂದು ನುಂಗಬೇಡಿ.

‘ಸುಮ್ನೆ ಏನೇನೋ ಯೋಚನೆ ಮಾಡ್ತೀಯ’ ಎಂದು ಮನೆಯವರು ಹೇಳುತ್ತಾರೆ ಎಂದೂ ಬರೆದಿದ್ದೀರಿ. ತುಂಬಾ ನೋವಾಗುತ್ತದೆ, ಅಲ್ವಾ? ನಿಮ್ಮದು ನಾಟಕವೂ ಅಲ್ಲ, ದೌರ್ಬಲ್ಯವೂ ಅಲ್ಲ. ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ತೊಂದರೆ. ಅವರಲ್ಲಿ ಒಬ್ಬರನ್ನಾದರೂ ಡಾಕ್ಟರ್ ಹತ್ತಿರ ಜೊತೆಗೆ ಕರೆದುಕೊಂಡು ಹೋಗಿ, ಡಾಕ್ಟರ್ ಬಾಯಿಂದಲೇ ಕೇಳಲಿ. ಅಲ್ಲಿಯವರೆಗೆ ಮಾತಾಡಲು ಯಾರಾದರೂ ಬೇಕಿದ್ದರೆ ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ನಂಬರ್ 14416. ದುಡ್ಡು ಕೊಡಬೇಕಿಲ್ಲ, ದಿನದ 24 ಗಂಟೆಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.